ಕಡಲ ತಳ ಭೂಮಿಯೊಳಗೆ ಇಳಿಯುವ ದಾರಿ

2015ರ ಮೇ 30, ಶನಿವಾರ, ರಾತ್ರಿ 8 ಗಂಟೆ 23 ನಿಮಿಷ. ಜಪಾನಿನ ಒಗಾಸವಾರ ದ್ವೀಪಗಳ ಬಳಿ, ಸುಮಾರು 680 ಕಿ.ಮೀ. ಆಳದಲ್ಲಿ ಬಂಡೆ ಬಿರಿಯಿತು. ಭೂಕಂಪದ ಪ್ರಮಾಣ 8ರ ಆಸುಪಾಸು. ಸುನಾಮಿ ಏಳಲಿಲ್ಲ, ಊರುಗಳು ಉರುಳಲಿಲ್ಲ. ಟೋಕಿಯೊದಲ್ಲಿ ರೈಲು, ಲಿಫ್ಟುಗಳು ನಿಂತವು, ಆಮೇಲೆ ಮತ್ತೆ ಓಡಿದವು. ಆದರೆ ಅಂದು ಜಪಾನಿನ 47 ಆಡಳಿತ ಪ್ರಾಂತಗಳಲ್ಲಿ ಒಂದೂ ಬಿಡದಂತೆ ಎಲ್ಲ ಕಡೆಯೂ ನೆಲ ನಡುಗಿದ್ದು ದಾಖಲಾಯಿತು. ಆ ದೇಶದ ಭೂಕಂಪ ದಾಖಲೆಗಳಲ್ಲಿ ಹಾಗಾದದ್ದು ಅದೇ ಮೊದಲು.

ವಿಚಿತ್ರ ಅದಲ್ಲ. ಭೂಕಂಪಕ್ಕೆ ಹತ್ತಿರವಿದ್ದ ಹಹಾಜಿಮಾ ದ್ವೀಪದಲ್ಲಿ ನೆಲ ಎಷ್ಟು ನಡುಗಿತೋ, ಸಾವಿರ ಕಿ.ಮೀ.ಗೆ ಸ್ವಲ್ಪ ಕಡಿಮೆ ದೂರದಲ್ಲಿರುವ ಕನಗಾವಾ ಪ್ರಾಂತದ ನಿನೊಮಿಯಾ ಎಂಬ ಪಟ್ಟಣದಲ್ಲೂ ಅದೇ ಮಟ್ಟದ ನಡುಕ ಅಳತೆಗೆ ಸಿಕ್ಕಿತು. ದೂರ ಹೋದಷ್ಟೂ ಕಂಪನ ಸೊರಗಬೇಕು ಎಂಬುದು ಸಾಮಾನ್ಯ ತಿಳಿವಳಿಕೆ. ಇಲ್ಲಿ ಅಲೆಗಳು ದಣಿಯದೆ ಅಷ್ಟು ದೂರ ಬಂದವು. ಜಪಾನಿನಲ್ಲಿ ಆಳದ ಭೂಕಂಪಗಳು ಹೀಗೆ ಮಾಡುವುದು ಹೊಸತೂ ಅಲ್ಲ. ಪಶ್ಚಿಮದ ಜಪಾನ್ ಸಮುದ್ರದಡಿ ಆಳದಲ್ಲಿ ಭೂಕಂಪವಾದರೆ ಹತ್ತಿರದ ಪಶ್ಚಿಮ ಕರಾವಳಿಯಲ್ಲಿ ಮಂದಿಗೆ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ದ್ವೀಪವನ್ನು ದಾಟಿ ಆಚೆಗಿರುವ ಪೆಸಿಫಿಕ್ ಕರಾವಳಿಯಲ್ಲಿ ಕಿಟಕಿಗಳು ಅಲ್ಲಾಡುತ್ತವೆ. ಈ ತಲೆಕೆಳಗಾದ ಲೆಕ್ಕವೇ ಭೂಮಿಯ ಅತ್ಯಂತ ದೊಡ್ಡ ಚಲನೆಯೊಂದನ್ನು ನಮಗೆ ತೋರಿಸಿಕೊಟ್ಟಿತು. ಈ ವಿಜ್ಞಾನದ ಚರಿತ್ರೆಯನ್ನು ಓದುವಾಗಲೆಲ್ಲ ನನ್ನನ್ನು ಹಿಡಿದು ನಿಲ್ಲಿಸುವುದು ಇದೇ: ಪ್ರತಿ ತಿರುವಿನಲ್ಲೂ ಯಾರೋ ಒಬ್ಬರು, ಲೆಕ್ಕಕ್ಕೆ ಹೊಂದದ ಒಂದು ಅಂಕಿಯನ್ನು ತಪ್ಪೆಂದು ಹೊಡೆದುಹಾಕದೆ ಎತ್ತಿಟ್ಟುಕೊಂಡಿದ್ದಾರೆ.

ಆ ಚಲನೆ ಪೆಸಿಫಿಕ್ ಸಾಗರದ ತಳದ್ದು. ಆ ತಳ ಒಂದು ಭೂಫಲಕ, ಅಂದರೆ ಭೂಮಿಯ ಗಟ್ಟಿ ಹೊರಚಿಪ್ಪಿನ ಒಂದು ದೊಡ್ಡ ತುಂಡು. ದೂರದ ಪೂರ್ವದಲ್ಲಿ, ಕಡಲಡಿಯ ಬೆಟ್ಟಸಾಲುಗಳ ಬಿರುಕಿನಲ್ಲಿ ಕರಗಿದ ಬಂಡೆ ಮೇಲೆದ್ದು ತಣಿದು ಅದು ಹುಟ್ಟುತ್ತದೆ. ವರ್ಷಕ್ಕೆ 8–9 ಸೆಂ.ಮೀ. ವೇಗದಲ್ಲಿ ಪಶ್ಚಿಮಕ್ಕೆ ಸರಿಯುತ್ತ, ಜಪಾನಿನ ಪೂರ್ವದ ಕಡಲ ಕಂದಕವನ್ನು ಮುಟ್ಟುವ ಹೊತ್ತಿಗೆ ಅದಕ್ಕೆ 13 ಕೋಟಿ ವರ್ಷ ವಯಸ್ಸಾಗಿರುತ್ತದೆ. ಅಷ್ಟು ಕಾಲದಲ್ಲಿ ಅದು ತಣಿದು, ಗಟ್ಟಿಯಾಗಿ, ತನ್ನಡಿಯ ಬಿಸಿ ಬಂಡೆಯ ಪದರವಾದ ಮ್ಯಾಂಟಲ್‌ಗಿಂತ ಭಾರವಾಗಿರುತ್ತದೆ. ಹಾಗಾಗಿ ಕಂದಕದಲ್ಲಿ ಬಾಗಿ ಓರೆಯಾಗಿ ಒಳಗಿಳಿಯುತ್ತದೆ. ಬಂಡೆ ಶಾಖವನ್ನು ಬಹಳ ನಿಧಾನವಾಗಿ ಸಾಗಿಸುವ ವಸ್ತು. ಸುಮಾರು 80–100 ಕಿ.ಮೀ. ದಪ್ಪದ ಫಲಕ ಒಳಗಿನವರೆಗೂ ಕಾಯಲು ಕೋಟ್ಯಂತರ ವರ್ಷ ಬೇಕು. ಅದು 600 ಕಿ.ಮೀ. ಆಳ ಮುಟ್ಟಲು ಒಂದು–ಒಂದೂವರೆ ಕೋಟಿ ವರ್ಷ ಸಾಕು. ಆದ್ದರಿಂದ ಅಷ್ಟು ಆಳದಲ್ಲೂ ಫಲಕದ ಒಡಲು ಸುತ್ತಲಿನ ಮ್ಯಾಂಟಲ್‌ಗಿಂತ ನೂರಾರು ಡಿಗ್ರಿ ತಣ್ಣಗಿರುತ್ತದೆ.

ಇದನ್ನೆಲ್ಲ ಯಾರೂ ಇಳಿದು ನೋಡಿದ್ದಲ್ಲ. ಮನುಷ್ಯ ಕೊರೆದ ಅತಿ ಆಳದ ರಂಧ್ರ, ರಷ್ಯಾದ ಕೋಲಾ ಪರ್ಯಾಯ ದ್ವೀಪದ್ದು, 12 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು. ಅದರ ಕೆಳಗಿನ ಸಂಗತಿಗಳನ್ನು ತಿಳಿಯಲು ನಮಗಿರುವ ಬಹುದೊಡ್ಡ ಸಾಧನ ಭೂಕಂಪದ ಅಲೆ. ಊರುಗಳನ್ನು ಕೆಡವುವ, ಮಕ್ಕಳನ್ನು ಕಲ್ಲಿನಡಿ ಹೂಳುವ ಅದೇ ನಡುಕವೇ ಭೂಮಿಯ ಒಳಗನ್ನು ಬೆಳಗುವ ದೀಪವೂ ಆಗಿದೆ. ಈ ಮಾತು ಬರೆಯುವಾಗ ಕೈ ತುಸು ತಡೆಯುತ್ತದೆ. ಆದರೂ ಅದು ನಿಜ.

ಭೂಕಂಪ ಎರಡು ಬಗೆಯ ಅಲೆಗಳನ್ನು ಭೂಮಿಯ ಒಡಲಿಗೆ ಕಳಿಸುತ್ತದೆ. ಪಿ ಅಲೆ ಬಂಡೆಯನ್ನು ಒತ್ತುತ್ತ, ಸಡಿಲಿಸುತ್ತ ಸಾಗುತ್ತದೆ. ಮ್ಯಾಂಟಲ್‌ನ ಮೇಲ್ಭಾಗದಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 8 ಕಿ.ಮೀ. ಎಸ್ ಅಲೆ ಬಂಡೆಯನ್ನು ಅಡ್ಡಡ್ಡ ಅಲುಗಿಸುತ್ತದೆ, ವೇಗ ಸುಮಾರು ನಾಲ್ಕೂವರೆ ಕಿ.ಮೀ. ದೂರದ ಕೇಂದ್ರಗಳ ದಾಖಲೆಗಳಲ್ಲಿ ಇವೆರಡನ್ನೂ, ಮೇಲ್ಮೈ ಅಲೆಯನ್ನೂ ಮೊದಲು ಸ್ಪಷ್ಟವಾಗಿ ಬಿಡಿಸಿ ತೋರಿಸಿದವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿದ್ದ ರಿಚರ್ಡ್ ಡಿಕ್ಸನ್ ಓಲ್ಡ್‌ಹ್ಯಾಮ್. 1897ರ ಅಸ್ಸಾಂ ಮಹಾಭೂಕಂಪ ಯುರೋಪಿನ ಯಂತ್ರಗಳಲ್ಲಿ ಬಿಟ್ಟ ಗೀಟುಗಳನ್ನು ಓದಿ ಅವರು ಅದನ್ನು ಸಾಧಿಸಿದರು.

ಇಳಿಯುವ ಫಲಕದ ಕಥೆ ಮಾತ್ರ ಶುರುವಾಗುವುದು ಟೋಕಿಯೊದ ಹವಾಮಾನ ಕಚೇರಿಯಲ್ಲಿ. 1923ರ ಸೆಪ್ಟೆಂಬರ್ 1ರ ಕಾಂತೊ ಭೂಕಂಪ ಟೋಕಿಯೊ, ಯೊಕೊಹಾಮಾ ನಗರಗಳನ್ನು ಸುಟ್ಟು ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತ್ತು. ಅದಾದ ಎರಡು ವರ್ಷಕ್ಕೆ ಕಿಯೊವೊ ವದಾತಿ ಎಂಬ ಇಪ್ಪತ್ತರ ಹರೆಯದ ಯುವಕ ಆ ಕಚೇರಿಗೆ ಸೇರಿದ. ದೇಶದ ಉದ್ದಗಲದ ವೀಕ್ಷಣಾಲಯಗಳಿಂದ ಬರುವ ಭೂಕಂಪ ದಾಖಲೆಗಳು ಅಲ್ಲಿ ಬಂದು ಸೇರುತ್ತಿದ್ದವು.

ಆ ಕಾಲದಲ್ಲೂ ಎಲ್ಲರಿಗೂ ತಿಳಿದಿದ್ದ ಲೆಕ್ಕವೊಂದಿತ್ತು. ಪಿ ಮೊದಲು ಬರುತ್ತದೆ, ಎಸ್ ಅದರ ಹಿಂದೆ. ನಡುವಿನ ಅಂತರವನ್ನು ಸೆಕೆಂಡುಗಳಲ್ಲಿ ಎಣಿಸಿ ಎಂಟರಿಂದ ಗುಣಿಸಿದರೆ ಭೂಕಂಪದ ನಾಭಿ ಎಷ್ಟು ಕಿ.ಮೀ. ದೂರದಲ್ಲಿದೆ ಎಂಬ ಅಂದಾಜು ಸಿಗುತ್ತದೆ. ಮೇಲುಮೇಲಿನ ಭೂಕಂಪವಾದರೆ ನಾಭಿಯ ನೆತ್ತಿಯ ಮೇಲಿನ ಊರಿನಲ್ಲಿ ಈ ಅಂತರ ಒಂದೆರಡು ಸೆಕೆಂಡು. ದೂರ ಹೋದಂತೆ ಬೆಳೆಯುತ್ತದೆ. ವದಾತಿಯ ಮುಂದಿದ್ದ ಕೆಲವು ಭೂಕಂಪಗಳಲ್ಲಿ ಹಾಗಿರಲಿಲ್ಲ. ಎಲ್ಲೆಲ್ಲೂ ಅಂತರ ದೊಡ್ಡದೇ. ಅತಿ ಕಡಿಮೆ ಇದ್ದ ಕಡೆಯೂ ಅದು ಹತ್ತಾರು ಸೆಕೆಂಡು. ಅಲ್ಲಿಂದ ನೂರು ಕಿ.ಮೀ. ಆಚೆಗೆ ಹೋದರೂ ಹೆಚ್ಚೇನೂ ಬದಲಾಗುತ್ತಿರಲಿಲ್ಲ. ಇದಕ್ಕೆ ಒಂದೇ ಅರ್ಥ. ನಾಭಿ ಎಲ್ಲ ಊರುಗಳಿಗೂ ದೂರದಲ್ಲಿದೆ, ಅಂದರೆ ನೇರ ಕೆಳಗೆ, ಮುನ್ನೂರು–ನಾನೂರು ಕಿ.ಮೀ. ಆಳದಲ್ಲಿದೆ.

ಅಷ್ಟು ಆಳದ ಶಾಖದಲ್ಲಿ, ಒತ್ತಡದಲ್ಲಿ ಬಂಡೆ ಬಾಗೀತೇ ಹೊರತು ಒಡೆಯದು ಎಂದು ನಂಬಿದ್ದ ದಿನಗಳವು. ಇಂಗ್ಲೆಂಡಿನ ಹರ್ಬರ್ಟ್ ಹಾಲ್ ಟರ್ನರ್ 1922ರಲ್ಲೇ ಆಳದ ಭೂಕಂಪಗಳ ಸುಳಿವು ಕೊಟ್ಟಿದ್ದರೂ ಹೆಚ್ಚಿನವರು ಒಪ್ಪಿರಲಿಲ್ಲ. ಟರ್ನರ್ ಬಳಿ ಇದ್ದದ್ದು ಜಗತ್ತಿನ ಮೂಲೆಮೂಲೆಯ ಚದುರಿದ ಅಂಕಿಗಳು. ವದಾತಿಯ ಬಳಿ ಇದ್ದದ್ದು ಒಂದೇ ದೇಶದ ಒತ್ತೊತ್ತಾದ ಕೇಂದ್ರಗಳ ದಾಖಲೆ. 1928ರಲ್ಲಿ ಪ್ರಕಟವಾದ ಅವರ ಲೇಖನದ ಮೇಲೆ ಸಂಶಯಕ್ಕೆ ಹೆಚ್ಚು ಜಾಗ ಉಳಿಯಲಿಲ್ಲ. 1935ರಲ್ಲಿ ಅವರು ಇನ್ನೊಂದು ಹೆಜ್ಜೆ ಮುಂದಿಟ್ಟರು. ಭೂಕಂಪಗಳ ಆಳವನ್ನು ನಕ್ಷೆಯ ಮೇಲೆ ಗುರುತಿಸಿ, ಸಮ ಆಳದ ಬಿಂದುಗಳನ್ನು ಗೆರೆಯಿಂದ ಕೂಡಿಸಿದರು. ಪೂರ್ವದ ಕಂದಕದ ಕಡೆ ಮೇಲುಮೇಲೆ, ಪಶ್ಚಿಮಕ್ಕೆ, ಏಷ್ಯಾ ಖಂಡದ ಕಡೆಗೆ ಹೋದಂತೆ ಆಳ ಆಳ. ದ್ವೀಪಗಳ ಅಡಿಯಲ್ಲಿ ಒಂದು ಓರೆ ಹಾಳೆ ಎದ್ದು ಕಂಡಿತು. ಜ್ವಾಲಾಮುಖಿಗಳ ಸಾಲು ಆ ಗೆರೆಗಳ ಜಾಡಿನಲ್ಲೇ ಸಾಗುವುದನ್ನು ಅವರು ಗಮನಿಸಿದರು. ಜರ್ಮನ್ ವಿಜ್ಞಾನಿ ವೇಗನರ್ ಹೇಳಿದ್ದ ಖಂಡಗಳ ಚಲನೆ ನಿಜವಾದರೆ ಅದರ ಗುರುತು ಇಲ್ಲಿ ಸಿಕ್ಕೀತೇ ಎಂಬ ಊಹೆಯನ್ನೂ ಮುಂದಿಟ್ಟರು. ಭೂಫಲಕಗಳ ಸಿದ್ಧಾಂತ ಹುಟ್ಟಲು ಇನ್ನೂ ಮೂರು ದಶಕ ಬಾಕಿ ಇತ್ತು.

ಅಮೆರಿಕದ ಹ್ಯೂಗೊ ಬೆನಿಯಾಫ್ 1949 ಮತ್ತು 1954ರಲ್ಲಿ ಪೆಸಿಫಿಕ್ ಅಂಚಿನ ಬೇರೆ ಕಡೆಗಳಲ್ಲೂ ಇಂಥ ಓರೆ ಪಟ್ಟಿಗಳನ್ನು ತೋರಿಸಿದರು. ಬಹುಕಾಲ ಅವಕ್ಕೆ ಬೆನಿಯಾಫ್ ಒಬ್ಬರದೇ ಹೆಸರಿತ್ತು. ಈಗ ವದಾತಿ–ಬೆನಿಯಾಫ್ ವಲಯ ಎನ್ನುತ್ತಾರೆ. ದೂರ ಹೆಚ್ಚಿದಂತೆ ಕಂಪನ ಹೇಗೆ ಕುಗ್ಗುತ್ತದೆ ಎಂದು ವದಾತಿ ಬಿಡಿಸಿದ ಚಿತ್ರವೇ ಚಾರ್ಲ್ಸ್ ರಿಕ್ಟರ್‌ಗೆ ತನ್ನ ಮಾಪಕದ ದಾರಿ ತೋರಿಸಿದ್ದು. ರಿಕ್ಟರ್ ಅದನ್ನು ಸ್ವತಃ ಹೇಳಿಕೊಂಡಿದ್ದಾರೆ. ರಿಕ್ಟರ್ ಹೆಸರು ನಮ್ಮ ಹಳ್ಳಿಯ ಮಗುವಿಗೂ ಗೊತ್ತು. ವದಾತಿಯ ಹೆಸರೂ ಶಾಲೆಯ ಪುಸ್ತಕದಲ್ಲಿ ಅದರ ಪಕ್ಕದಲ್ಲೇ ಇರಬೇಕಿತ್ತು.

ಆದರೂ ಭೂಕಂಪಗಳ ಒಂದು ಓರೆ ಪಟ್ಟಿ ಇದೆ ಎಂದಮಾತ್ರಕ್ಕೆ ಅಲ್ಲೊಂದು ದಪ್ಪ ಫಲಕ ಇಳಿಯುತ್ತಿದೆ ಎಂದಾಗುವುದಿಲ್ಲ. ಅದು ಬರೀ ಒಂದು ದೊಡ್ಡ ಬಿರುಕೂ ಆಗಿರಬಹುದು. ಬೆನಿಯಾಫ್ ಹಾಗೆಯೇ ಭಾವಿಸಿದ್ದರು. ಬಿರುಕೋ ಫಲಕವೋ ಎಂಬುದು ಇತ್ಯರ್ಥವಾದದ್ದು ದಕ್ಷಿಣ ಪೆಸಿಫಿಕ್ಕಿನ ಟೋಂಗಾ–ಫಿಜಿ ದ್ವೀಪಗಳಲ್ಲಿ. ಅಮೆರಿಕದ ಲಮಾಂಟ್ ವೀಕ್ಷಣಾಲಯದ ಜ್ಯಾಕ್ ಆಲಿವರ್ ಮತ್ತು ಬ್ರಯನ್ ಐಸಾಕ್ಸ್ 1960ರ ದಶಕದ ನಡುವಿನಲ್ಲಿ ಅಲ್ಲಿ ಯಂತ್ರಗಳನ್ನಿಟ್ಟರು. ಫಿಜಿಯ ಅಡಿಯಲ್ಲಿ ಐದಾರು ನೂರು ಕಿ.ಮೀ. ಆಳದಲ್ಲಿ ಭೂಕಂಪ. ಅದರ ಅಲೆಗಳು ಎರಡೂ ಕಡೆಗೆ ಬರುತ್ತವೆ. ಫಿಜಿಯ ಯಂತ್ರದಲ್ಲಿ ಎಸ್ ಅಲೆ ಮಂಕು, ನಿಧಾನಗತಿಯ ತೂಗಾಟ. ಟೋಂಗಾದ ಯಂತ್ರದಲ್ಲಿ ಅದೇ ಭೂಕಂಪದ ಎಸ್ ಅಲೆ ಚೂಪು, ಸೆಕೆಂಡಿಗೆ ಹಲವು ಬಾರಿ ನಡುಗುವ ಬಿರುಸು.

ಹಲಸಿನ ಕಾಯನ್ನು ಬೆರಳಿಂದ ತಟ್ಟಿ ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ. ಗಟ್ಟಿ ಕಾಯಿ ದನಿ ಕೊಡುತ್ತದೆ, ಹಣ್ಣಾಗಿ ಮೆತ್ತಗಾದದ್ದು ದನಿಯನ್ನು ನುಂಗುತ್ತದೆ. ಟೋಂಗಾಕ್ಕೆ ಬಂದ ಅಲೆ ದಾರಿಯುದ್ದಕ್ಕೂ ತಣ್ಣನೆಯ ಗಟ್ಟಿ ಬಂಡೆಯಲ್ಲೇ ಸಾಗಿತ್ತು. ಫಿಜಿಗೆ ಬಂದದ್ದು ಬಿಸಿಯಾಗಿ ಮಿದುವಾದ ಮ್ಯಾಂಟಲ್ಲನ್ನು ದಾಟಿ ಬಂದಿತ್ತು. ಆ ಗಟ್ಟಿ ದಾರಿಯ ದಪ್ಪವನ್ನು ಲೆಕ್ಕ ಹಾಕಿದಾಗ ಸುಮಾರು 100 ಕಿ.ಮೀ. ಬಂತು. ಬಿರುಕಿಗೆ ಅಂಥ ದಪ್ಪವಿರುವುದಿಲ್ಲ. ಕಡಲ ತಳದ ಫಲಕವೇ ಇಡಿಯಾಗಿ ಒಳಗಿಳಿಯುತ್ತಿದೆ ಎಂದು ಅವರಿಬ್ಬರು 1967ರಲ್ಲಿ ಬರೆದರು. ಅದೇ ವರ್ಷಗಳಲ್ಲಿ ಹೊಕ್ಕೈಡೊದಲ್ಲಿದ್ದ ತೊಕುಜಿ ಉತ್ಸು, ಜಪಾನಿನ ಪೂರ್ವ ಕರಾವಳಿಯೇ ಏಕೆ ಹೆಚ್ಚು ನಡುಗುತ್ತದೆ ಎಂಬ ಹಳೆಯ ಒಗಟನ್ನು ಇದೇ ಬಗೆಯಲ್ಲಿ ಬಿಡಿಸಿದರು. ನಿನೊಮಿಯಾಗೆ 2015ರಲ್ಲಿ ಅಲೆಗಳು ಬಂದದ್ದೂ ಇಂಥದೇ ದಾರಿಯಲ್ಲಿ, ಪೆಸಿಫಿಕ್ ಫಲಕದ ಒಡಲ ಮೂಲಕ.

ಆ ದಶಕದಲ್ಲಿ ಜಗತ್ತಿನಾದ್ಯಂತ ಇದ್ದಕ್ಕಿದ್ದಂತೆ ಒಳ್ಳೆಯ ಭೂಕಂಪ ಮಾಪಕಗಳು ಎದ್ದದ್ದರ ಹಿಂದೆ ಅಣುಬಾಂಬಿನ ಭಯವಿತ್ತು. 1963ರ ಒಪ್ಪಂದದಿಂದಾಗಿ ಅದಕ್ಕೆ ಸಹಿ ಹಾಕಿದ ದೇಶಗಳ ಅಣು ಪರೀಕ್ಷೆಗಳು ನೆಲದಡಿಗೆ ಹೋದವು. ಅವನ್ನು ಪತ್ತೆ ಹಚ್ಚಲು ನೆಲಕ್ಕೆ ಕಿವಿ ಕೊಡಬೇಕಾಯಿತು. ನಮ್ಮ ಗೌರಿಬಿದನೂರಿನ ಬಂಡೆಗಳ ಮೇಲೆ 1965ರಲ್ಲಿ ಇಂದಿನ ಭಾಭಾ ಅಣು ಸಂಶೋಧನಾ ಕೇಂದ್ರವು ಬ್ರಿಟನ್ನಿನ ಸಹಯೋಗದಲ್ಲಿ ಕಟ್ಟಿದ ಭೂಕಂಪ ಮಾಪಕಗಳ ಜಾಲ ಹುಟ್ಟಿದ್ದು ಇದೇ ಕಾರಣಕ್ಕೆ. ಇಂಗ್ಲಿಷಿನ ಎಲ್ ಅಕ್ಷರದಂತೆ ಎರಡು ತೋಳುಗಳಲ್ಲಿ ಹರಡಿದ ಮಾಪಕಗಳು ಅಲೆಯೊಂದು ಯಾವ ದಿಕ್ಕಿನಿಂದ, ಯಾವ ಕೋನದಲ್ಲಿ ಬಂತು ಎಂದು ಹೇಳಬಲ್ಲವು. ದಕ್ಷಿಣದ ಪ್ರಾಚೀನ ಗಟ್ಟಿ ಬಂಡೆ ಅದಕ್ಕೆ ಹೇಳಿ ಮಾಡಿಸಿದ ನೆಲ. ಬಾಂಬು ಕೇಳಲು ಇಟ್ಟ ಅಂಥ ಕಿವಿಗಳಿಗೆ ಭೂಮಿಯ ಒಡಲೂ ಕೇಳಿಸಿತು.

ಫಲಕ ಇದೆ ಎಂದು ಗೊತ್ತಾದ ಮೇಲೆ ಅದರ ಒಳಗೇನಿದೆ ಎಂಬ ಕುತೂಹಲ. ತೊಹೊಕು ವಿಶ್ವವಿದ್ಯಾಲಯದ ಅಕಿರಾ ಹಸೆಗಾವಾ ಮತ್ತು ಸಂಗಡಿಗರು 1978ರಲ್ಲಿ ಈಶಾನ್ಯ ಜಪಾನಿನ ಸಣ್ಣಸಣ್ಣ ಭೂಕಂಪಗಳ ಜಾಗವನ್ನು ಬಹು ನಿಖರವಾಗಿ ಗುರುತಿಸಿದಾಗ ಓರೆ ಪಟ್ಟಿ ಒಂದಲ್ಲ, ಎರಡಾಗಿ ಕಂಡಿತು. ಒಂದರ ಕೆಳಗೊಂದು, ನಡುವೆ 30–40 ಕಿ.ಮೀ. ಅಂತರ. ಮೇಲಿನದು ಫಲಕದ ನೆತ್ತಿಯಲ್ಲಿ, ಕೆಳಗಿನದು ಅದರ ಹೊಟ್ಟೆಯಲ್ಲಿ. ಒತ್ತಡ ಅಷ್ಟಿರುವ ಕಡೆ ಬಂಡೆ ಒಡೆಯುವುದು ಹೇಗೆ ಎಂಬ ಪ್ರಶ್ನೆಗೆ ಇಂದು ಹೆಚ್ಚಿನವರು ಕೊಡುವ ಉತ್ತರ ನೀರು. ಕಡಲ ತಳದಲ್ಲಿ ಕೋಟ್ಯಂತರ ವರ್ಷ ನೆನೆದ ಬಂಡೆ ನೀರನ್ನು ತನ್ನ ಖನಿಜಗಳೊಳಗೆ ಹಿಡಿದಿಟ್ಟುಕೊಂಡಿರುತ್ತದೆ. ಆಳಕ್ಕಿಳಿದು ಕಾದಾಗ ಆ ಖನಿಜಗಳು ನೀರು ಬಿಡುತ್ತವೆ. ಬಿಟ್ಟ ನೀರು ಬಂಡೆಯ ಹಿಡಿತವನ್ನು ಸಡಿಲಿಸುತ್ತದೆ. ಕೆಳಪಟ್ಟಿಯ ಭೂಕಂಪಗಳಿಗೂ ಸರ್ಪೆಂಟೈನ್ ಎಂಬ ಖನಿಜ ನೀರು ಬಿಡುವುದೇ ಕಾರಣ ಎಂಬ ವಾದ ಬಲವಾಗಿದೆ. ಫಲಕದ ಅಷ್ಟು ಒಳಗೆ ನೀರು ಹೊಕ್ಕದ್ದು ಹೇಗೆ ಎಂಬ ಬಗ್ಗೆ ವಾಗ್ವಾದ ಮುಗಿದಿಲ್ಲ.

ನೀರಿನ ಜಾಡು ಹಿಡಿಯಲು ಅಲೆಯ ಇನ್ನೊಂದು ಗುಣ ನೆರವಿಗೆ ಬಂತು. ಪಿ ಅಲೆ ಎರಡು ಬಗೆಯ ಬಂಡೆಗಳ ಗಡಿಯನ್ನು ಕೆಳಗಿನಿಂದ ಓರೆಯಾಗಿ ದಾಟುವಾಗ ಅದರ ಒಂದು ಪಾಲು ಎಸ್ ಅಲೆಯಾಗಿ ಮಾರ್ಪಡುತ್ತದೆ. ಹಾಗೆ ಹುಟ್ಟಿದ ಎಸ್ ತಡವಾಗಿ ಮೇಲೆ ಬರುತ್ತದೆ. ಎಷ್ಟು ತಡವೋ ಗಡಿ ಅಷ್ಟು ಆಳ, 35 ಕಿ.ಮೀ. ಆಳದ ಗಡಿಗೆ ಸುಮಾರು 4 ಸೆಕೆಂಡು. ದೂರದೇಶಗಳ ನೂರಾರು ಭೂಕಂಪಗಳ ದಾಖಲೆಯಲ್ಲಿ ಈ ಸಣ್ಣ ಹಿಂಬಾಲಕನನ್ನು ಹುಡುಕಿ, ಒಂದರ ಮೇಲೊಂದು ಕೂಡಿಸಿದರೆ ಗಡಿಯ ಚಿತ್ರ ಮೂಡುತ್ತದೆ. ಟೋಕಿಯೊ ವಿಶ್ವವಿದ್ಯಾಲಯದ ಹಿತೊಶಿ ಕವಕಾತ್ಸು ಮತ್ತು ಶಿಂಗೊ ವತಾದಾ 2007ರಲ್ಲಿ ಈ ವಿಧಾನದಿಂದ ತೋರಿಸಿದ್ದು ಇದು: ಈಶಾನ್ಯ ಜಪಾನಿನಡಿ ಫಲಕ ಬಿಟ್ಟ ನೀರು ನೇರ ಮೇಲೇರಿ ಹೋಗುವುದಿಲ್ಲ. ಫಲಕದ ಬೆನ್ನಿಗೆ ತಾಗಿದ ಮ್ಯಾಂಟಲ್ ಬಂಡೆ ಅದನ್ನು ಹೀರಿಕೊಳ್ಳುತ್ತದೆ. ಆ ತೆಳು ಒದ್ದೆ ಪದರ ಫಲಕದ ಜೊತೆಗೇ 130–150 ಕಿ.ಮೀ.ವರೆಗೆ ಎಳೆಯಲ್ಪಟ್ಟು, ಆಮೇಲೆ ನೀರನ್ನು ಬಿಟ್ಟುಕೊಡುತ್ತದೆ. ಮೇಲಿನ ಬಿಸಿ ಬಂಡೆಗೆ ನೀರು ಸೇರಿದರೆ ಅದು ಕಡಿಮೆ ಶಾಖಕ್ಕೇ ಕರಗುತ್ತದೆ. ವದಾತಿ ಗಮನಿಸಿದ್ದ ಜ್ವಾಲಾಮುಖಿಗಳ ಸಾಲಿಗೆ ಇಲ್ಲಿ ಕಾರಣ ಸಿಗುತ್ತದೆ.

ಇಷ್ಟು ಸೂಕ್ಷ್ಮವಾಗಿ ನೋಡಲು ಸಾಧ್ಯವಾದದ್ದು ಇನ್ನೊಂದು ದುರಂತದ ನಂತರ. 1995ರ ಜನವರಿ 17ರಂದು ಕೋಬೆ ನಗರದಲ್ಲಿ ಆರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಜಪಾನ್ ಸರ್ಕಾರ ಹೈ–ನೆಟ್ ಎಂಬ ಜಾಲವನ್ನು ಕಟ್ಟಿತು: ಸುಮಾರು 800 ಕೇಂದ್ರಗಳು, ಪ್ರತಿಯೊಂದರಲ್ಲೂ ನೂರು ಮೀಟರಿಗೂ ಆಳದ ಕೊಳವೆಯಲ್ಲಿ ಇಳಿಸಿದ ಮಾಪಕ. ದಾಖಲೆಗಳು ಜಗತ್ತಿನ ಎಲ್ಲ ಸಂಶೋಧಕರಿಗೂ ಮುಕ್ತ. ಈ ಔದಾರ್ಯವನ್ನು ನಾನು ಯಂತ್ರಗಳಿಗಿಂತ ದೊಡ್ಡದೆಂದು ಎಣಿಸುತ್ತೇನೆ.

ಆ ಜಾಲದ ಗೀಟುಗಳಲ್ಲಿ ಕಜುಶಿಗೆ ಒಬಾರಾ ಒಂದು ಕ್ಷೀಣ ಗುಯ್‌ಗುಡುವಿಕೆಯನ್ನು ಕಂಡರು. ಭೂಕಂಪದ ಚೂಪು ಆರಂಭ ಅದಕ್ಕಿಲ್ಲ. ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಇರುತ್ತದೆ. ಲಾರಿ ಓಡಾಟ, ಗಾಳಿ, ಕಾರ್ಖಾನೆ ಎಂದು ಯಾರಾದರೂ ಪಕ್ಕಕ್ಕಿಡಬಹುದಿತ್ತು. ಒಬಾರಾ ಹತ್ತಾರು ಕೇಂದ್ರಗಳ ದಾಖಲೆಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಒಂದೇ ನಡುಕ ಒಂದು ಕೇಂದ್ರದಿಂದ ಇನ್ನೊಂದಕ್ಕೆ, ಎಸ್ ಅಲೆಯ ವೇಗದಲ್ಲಿ ಸಾಗುತ್ತಿತ್ತು. ಮೂಲ ಸುಮಾರು 30 ಕಿ.ಮೀ. ಆಳದಲ್ಲಿ, ನೈಋತ್ಯ ಜಪಾನಿನ ಅಡಿಗೆ ಇಳಿಯುತ್ತಿರುವ ಫಿಲಿಪ್ಪೀನ್ ಸಮುದ್ರ ಫಲಕದ ಜಾಡಿನಲ್ಲಿ, ಸುಮಾರು 600 ಕಿ.ಮೀ. ಉದ್ದದ ಪಟ್ಟಿಯಲ್ಲಿ. 2002ರಲ್ಲಿ ಇದು ಪ್ರಕಟವಾಯಿತು. ಮರುವರ್ಷ ಕೆನಡಾದ ಗ್ಯಾರಿ ರಾಜರ್ಸ್ ಮತ್ತು ಹರ್ಬ್ ಡ್ರಾಗರ್ಟ್, ತಮ್ಮ ಪಶ್ಚಿಮ ಕರಾವಳಿಯಲ್ಲಿ ಇಂಥ ನಡುಕ ಬಂದಾಗಲೆಲ್ಲ ಫಲಕಗಳು ಸದ್ದಿಲ್ಲದೆ ಕೆಲವು ದಿನಗಳ ಕಾಲ ಜಾರುತ್ತವೆ ಎಂದು ತೋರಿಸಿದರು. ಮೇಲ್ಭಾಗದಲ್ಲಿ ಬಿಗಿಯಾಗಿ ಕಚ್ಚಿಕೊಂಡು ಮಹಾಭೂಕಂಪಕ್ಕೆ ಕಾಯುವ ಫಲಕ, ಆಳದಲ್ಲಿ ಸುಮ್ಮನೆ ಜಾರುತ್ತದೆ. ನಡುವಿನ ಅಂಚಿನಲ್ಲಿ ಹೀಗೆ ತಡೆತಡೆದು ಗುಯ್‌ಗುಡುತ್ತದೆ. 1944 ಮತ್ತು 1946ರ ಮಹಾಭೂಕಂಪಗಳನ್ನು ಕಂಡ ನಾನ್ಕಾಯ್ ಕರಾವಳಿಯಲ್ಲಿ ಈಗ ಆ ಸದ್ದಿನ ಮೇಲೆ ಹಗಲಿರುಳು ಕಣ್ಣಿಡುತ್ತಾರೆ.

ಇನ್ನೂ ಆಳಕ್ಕೆ ಹೋದರೆ ಭೂಕಂಪಗಳೇ ಮುಗಿದುಹೋಗುತ್ತವೆ. ಸುಮಾರು 700 ಕಿ.ಮೀ. ಕೆಳಗೆ ಅವು ಇಲ್ಲವೆಂದೇ ಹೇಳಬಹುದು. ಅಲ್ಲಿಂದಾಚೆ ಫಲಕ ಎಲ್ಲಿ ಹೋಯಿತು ಎಂದು ತಿಳಿಯಲು ಅಲೆಗಳ ಸಮಯವೇ ಗತಿ. ತಣ್ಣನೆಯ ಫಲಕದಲ್ಲಿ ಅಲೆ ಶೇಕಡ ಕೆಲವು ಪಾಲು ಬೇಗ ಸಾಗುತ್ತದೆ. ಶೇ 4ರಷ್ಟು ವೇಗ ಹೆಚ್ಚಿರುವ ಫಲಕದೊಳಗೆ 500 ಕಿ.ಮೀ. ಬಂದ ಪಿ ಅಲೆ ಎರಡು ಸೆಕೆಂಡಿಗೂ ತುಸು ಮುಂಚೆ ತಲುಪುತ್ತದೆ. ಅಂಥ ಲಕ್ಷಾಂತರ ಅಲೆಗಳ ದಾರಿಗಳು ಒಂದನ್ನೊಂದು ಅಡ್ಡಹಾಯುವಾಗ, ಎಲ್ಲೆಲ್ಲಿ ಬೇಗ, ಎಲ್ಲೆಲ್ಲಿ ತಡ ಎಂಬುದನ್ನು ಕಂಪ್ಯೂಟರ್ ಬಿಡಿಸಿ ಭೂಮಿಯ ಒಡಲಿನ ನಕ್ಷೆ ಕೊಡುತ್ತದೆ. 1990ರ ದಶಕದ ಆರಂಭದಲ್ಲಿ ಡಚ್ಚರ ರಾಬ್ ವಾನ್ ಡರ್ ಹಿಲ್ಸ್ಟ್, ಜಪಾನಿನ ಯೊಶಿಯೊ ಫುಕಾವೊ ಮುಂತಾದವರು ಬಿಡಿಸಿದ ಇಂಥ ನಕ್ಷೆಗಳು ಎಲ್ಲರ ಊಹೆಯನ್ನೂ ಕಲಕಿದವು. ಜಪಾನಿನಡಿ ಇಳಿದ ಪೆಸಿಫಿಕ್ ಫಲಕ 660 ಕಿ.ಮೀ. ಆಳದ ಗಡಿಗೆ ಬಂದು ಅಡ್ಡಡ್ಡ ಮಲಗಿತ್ತು. ಸಾವಿರಕ್ಕೂ ಹೆಚ್ಚು ಕಿ.ಮೀ. ದೂರ, ಚೀನಾದ ಅಡಿಯವರೆಗೂ ಚಾಚಿತ್ತು. ಆ ಗಡಿಯಲ್ಲಿ ಖನಿಜಗಳು ಒತ್ತಡಕ್ಕೆ ತಮ್ಮ ಹರಳಿನ ರೂಪವನ್ನೇ ಬದಲಿಸುತ್ತವೆ. ತಣ್ಣನೆಯ ಫಲಕದಲ್ಲಿ ಆ ಬದಲಾವಣೆ ತಡವಾಗುವುದರಿಂದ ಅದು ಅಷ್ಟು ಹೊತ್ತು ತೇಲುತ್ತದೆ. ಆದರೆ ಸ್ವಲ್ಪ ದಕ್ಷಿಣದ ಮರಿಯಾನಾ ಕಂದಕದಲ್ಲಿ ಅದೇ ಪೆಸಿಫಿಕ್ ಫಲಕ ನೆಟ್ಟಗೆ ಗಡಿಯನ್ನು ತೂರಿ ಕೆಳಗಿಳಿದಿದೆ.

ಇಂಥ ನಕ್ಷೆಗಳಲ್ಲಿ ನಮ್ಮದೇ ನೆಲದಡಿಯ ಚಿತ್ರವೂ ಇದೆ. 1999ರಲ್ಲಿ ರಾಬ್ ವಾನ್ ಡರ್ ವೂ, ವಿಮ್ ಸ್ಪಾಕ್‌ಮನ್ ಮತ್ತು ಹರ್ಮನ್ ಬೈವಾರ್ಡ್ ಭಾರತದಡಿ ಸಾವಿರ ಕಿ.ಮೀ.ಗೂ ಆಳದಲ್ಲಿ ಅಲೆಗಳು ಬೇಗ ಸಾಗುವ ದೊಡ್ಡ ದೊಡ್ಡ ವಲಯಗಳನ್ನು ಗುರುತಿಸಿದರು. ಅವು ಟೆಥಿಸ್ ಸಾಗರದ ತಳ. ಭಾರತ ಮತ್ತು ಏಷ್ಯಾದ ನಡುವೆ ಒಮ್ಮೆ ಹರಡಿದ್ದ ಆ ಸಾಗರದ ತಳ ಏಷ್ಯಾದ ಅಂಚಿನಡಿ ಇಳಿದು, ಕಡಿದುಕೊಂಡು ಮುಳುಗಿತು. ಉತ್ತರಕ್ಕೆ ಸರಿಯುತ್ತಿದ್ದ ಭಾರತ ಅದರ ನೆತ್ತಿಯ ಮೇಲೆಯೇ ದಾಟಿ ಬಂದು ಹಿಮಾಲಯವನ್ನು ಎಬ್ಬಿಸಿತು. ನಕ್ಷೆಯಿಂದ ಅಳಿದುಹೋದ ಸಾಗರವೊಂದರ ತಳ ನಮ್ಮ ಕೆಳಗೆ ಇನ್ನೂ ಪೂರ್ತಿ ಕಾಯದೆ ಉಳಿದಿದೆ.

ಇನ್ನು ನಮ್ಮ ಫಲಕದ ಒಂದು ಅಂಚು ಇಂದಿಗೂ ಇಳಿಯುತ್ತಿರುವುದು ಅಂಡಮಾನ್–ನಿಕೋಬಾರ್ ಮತ್ತು ಸುಮಾತ್ರಾದ ಅಡಿಯಲ್ಲಿ. 2004ರ ಡಿಸೆಂಬರ್ 26ರಂದು ಅಲ್ಲಿ ಸುಮಾರು 1,300 ಕಿ.ಮೀ. ಉದ್ದಕ್ಕೂ ಫಲಕಗಳ ಬಿಗಿ ಕಚ್ಚು ಬಿಟ್ಟು ಮಹಾಭೂಕಂಪವಾಯಿತು. ಭಾರತದ ಸಕ್ರಿಯ ಜ್ವಾಲಾಮುಖಿ ಬ್ಯಾರನ್ ದ್ವೀಪ 1991ರಲ್ಲಿ ಮತ್ತೆ ಎದ್ದು ಉಗುಳಲು ತೊಡಗಿದ್ದೂ ಇದೇ ಇಳಿಯುವ ಫಲಕದ ಮೇಲೆ ಕೂತು. ಜಪಾನಿನಲ್ಲಾದರೆ ಫಲಕದ ಮೇಲೆ ಅಗಲವಾದ ನೆಲವಿದೆ. 2011ರ ಮಹಾಭೂಕಂಪದ ನಂತರ ಪೂರ್ವದ ಕಡಲ ತಳದಲ್ಲೂ ಐದು ಸಾವಿರ ಕಿ.ಮೀ.ಗೂ ಹೆಚ್ಚು ಉದ್ದದ ಕೇಬಲ್ಲಿನಲ್ಲಿ ಪೋಣಿಸಿದ 150 ಕೇಂದ್ರಗಳು ಬಂದಿವೆ. ಅಂಡಮಾನ್–ನಿಕೋಬಾರಿನಲ್ಲಿ ನೆಲವೆಂದರೆ ಉತ್ತರ ದಕ್ಷಿಣವಾಗಿ ಹೋಗುವ ಕಿರಿದಾದ ದ್ವೀಪಗಳ ಸಾಲು ಅಷ್ಟೇ. ಆ ಸಾಲಿನ ಮೇಲಷ್ಟೇ ಯಂತ್ರಗಳಿದ್ದರೆ ಪೂರ್ವ ಪಶ್ಚಿಮಕ್ಕೆ ಫಲಕ ಎಷ್ಟು ಕಡಿದಾಗಿ ಬಾಗುತ್ತದೆ, ಎಲ್ಲಿ ಬಿಗಿಯಾಗಿ ಕಚ್ಚಿಕೊಂಡಿದೆ, ಒಬಾರಾ ಕಂಡಂಥ ಗುಯ್‌ಗುಡುವಿಕೆ ಅಲ್ಲೂ ಇದೆಯೇ ಎಂದು ಬಿಡಿಸಿ ನೋಡುವುದು ಕಷ್ಟ. ದ್ವೀಪಗಳ ಎರಡೂ ಬದಿಯ ಕಡಲ ತಳದಲ್ಲಿ, ಪಶ್ಚಿಮದ ಕಂದಕದಿಂದ ಪೂರ್ವದ ಬ್ಯಾರನ್ ದ್ವೀಪದಾಚೆಯವರೆಗೆ, ವರ್ಷಾನುಗಟ್ಟಲೆ ಬಿಡದೆ ಕೇಳುವ ಮಾಪಕಗಳ ಸಾಲುಗಳು ಬೇಕು. ಅವುಗಳ ದಾಖಲೆ ಹೈ–ನೆಟ್‌ನಂತೆಯೇ ಎಲ್ಲರಿಗೂ ತೆರೆದಿರಬೇಕು.